ಗ್ಯಾಲರಿಯಲ್ಲಿ ಗಣಿತ

ಏಪ್ರಿಲ್ ೭, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ಎರಡು ತಿಂಗಳಾಗುತ್ತ ಬಂತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಆ ಕೆಲಸವನ್ನು ನಿನ್ನ ಅಮ್ಮ ದಿನಕ್ಕೆರಡು ಸಲದಂತೆ ಮಾಡಿ ಮುಗಿಸಿದ್ದಾಳೆ. ಅವಳಿಗೆ ಹೊಸ ಕನ್ನಡಕ ಬಂದಿದೆ. ಈಗ ಮೂಲೆಮೂಲೆಯ ಧೂಳೂ ಕಾಣಿಸಿ ನನ್ನ ಪ್ರಾಣ ತಿನ್ನುತ್ತಾಳೆ. ಕೂಸಿಗೆ ಎರಡನೆಯ ಹಲ್ಲು ಬಂದ ಸುದ್ದಿಯನ್ನು ಮೂರು ಸಲ ಓದಿಸಿಕೊಂಡಳು.

ತಡವಾಗಲು ಕಾರಣವಿದೆ. ನಿವೃತ್ತಿಗೆ ಒಂದೇ ವರ್ಷ ಉಳಿದಿರುವಾಗ ಕುಲಸಚಿವರು ನನ್ನನ್ನು ಹಾಜರಾತಿ ಸಮಿತಿಗೆ ಹಾಕಿದರು. ನಮ್ಮ ನಿಯಮ ನಿನಗೆ ಗೊತ್ತೇ ಇದೆ. ನೂರಕ್ಕೆ ಎಪ್ಪತ್ತೈದು ಹಾಜರಾತಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಈ ಸಲ ಪಟ್ಟಿಯಲ್ಲಿ ಹನ್ನೊಂದು ಮಂದಿ ಕ್ರೀಡಾಪಟುಗಳಿದ್ದರು. ಎಲ್ಲರೂ ನನ್ನ ಗಣಿತಕ್ಕೇ ಚಕ್ಕರ್ ಹೊಡೆದವರು. ನನ್ನ ತರಗತಿ ಎಂಟಕ್ಕೆ, ಅವರ ಅಭ್ಯಾಸ ಏಳರಿಂದ ಒಂಬತ್ತರವರೆಗೆ. ಪಟ್ಟಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಕೋಚ್ ಮೇಡಂ ಬಾಗಿಲಲ್ಲಿ ನಿಂತರು. "ಸರ್, ಕಾಗದ ನೋಡಿ ತೀರ್ಮಾನ ಮಾಡ್ಬೇಡಿ. ಒಂದ್ಸಲ ಮೈದಾನಕ್ಕೆ ಬಂದು ನೋಡಿ. ಆಮೇಲೆ ಏನ್ ಬೇಕಾದ್ರೂ ಬರೀರಿ."

ಸುಳ್ಳನ್ನು ಹಿಡಿಯೋಣವೆಂದೇ ಮರುದಿನ ಹೋದೆ. ಅಲ್ಲಿ ಒಬ್ಬಳು ಹುಡುಗಿ, ಮೂರು ಸಾವಿರ ಮೀಟರ್ ಓಡುವವಳು. ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಾರೆ, ಇರುವುದೂ ಹಾಗೆಯೇ. ಕೋಚ್ ಮೇಡಂ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು, "ಸುಮ್ನೆ ನಿಲ್ಲೋ ಬದ್ಲು ಇದನ್ನ ಹಿಡ್ಕೊಳ್ಳಿ" ಎಂದರು. ಕಡ್ಡಿ ಒಂದು ಸುತ್ತು ಓಡುವುದು, ಉಸಿರು ತಿರುಗಿಸಿಕೊಳ್ಳುವುದು, ಮತ್ತೆ ಓಡುವುದು. ಎಪ್ಪತ್ತೆಂಟು ಸೆಕೆಂಡು, ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು. ಎಂಟನೆಯ ಸುತ್ತು ಮುಗಿಸಿ ತಂತಿಬೇಲಿಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಂಡಳು. ಇನ್ನು ಸಾಕು ಮಾಡುತ್ತಾಳೆ ಅಂದುಕೊಂಡೆ. ಬಾಯಿ ಒರೆಸಿಕೊಂಡು ಬಂದು ಗೆರೆಯ ಮೇಲೆ ನಿಂತಳು. ಒಟ್ಟು ಹನ್ನೆರಡು ಸುತ್ತು. ಮೂವತ್ತಮೂರು ವರ್ಷ ಪಾಠ ಹೇಳಿದ್ದೇನೆ, ಇಂಥ ಶಿಸ್ತನ್ನು ಅಧ್ಯಾಪಕರ ಕೋಣೆಯಲ್ಲಿ ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ.

"ಕ್ಲಾಸಿಗೆ ಯಾಕಮ್ಮ ಬರಲ್ಲ?" ಎಂದು ಕೇಳಿದೆ.

"ಎರಡೂ ಕಡೆ ಇರ್ಬೇಕು ಅಂತ ಆಸೆ ಸರ್. ಇರೋದು ಒಂದೇ ದೇಹ."

ಚೀಲದಿಂದ ನೋಟ್‌ಬುಕ್ ತೆಗೆದಳು. ಬೆವರು ತಾಗದಿರಲೆಂದು ಪ್ಲಾಸ್ಟಿಕ್ ಹಾಳೆ ಸುತ್ತಿದ್ದಳು. ನನ್ನ ಪಾಠವೆಲ್ಲವನ್ನೂ ಯಾರಿಂದಲೋ ಇಸಿದುಕೊಂಡು ಬರೆದಿಟ್ಟಿದ್ದಳು. "ಇಲ್ಲಿ ನೀವು ಈ ಹೆಜ್ಜೆ ಹೇಗೆ ಹಾಕಿದ್ರಿ ಅಂತ ಎಷ್ಟು ನೋಡಿದ್ರೂ ಗೊತ್ತಾಗ್ಲಿಲ್ಲ ಸರ್" ಎಂದು ಒಂದು ಸಾಲು ತೋರಿಸಿದಳು. ನೋಡಿದೆ. ತಪ್ಪು ಹೆಜ್ಜೆ ಹಾಕಿದ್ದು ನಾನೇ. ತರಗತಿಯಲ್ಲಿ ಕೂತಿದ್ದ ಅರವತ್ತು ಜನರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

ಸಮಿತಿಯಲ್ಲಿ ವಾಣಿಜ್ಯ ವಿಭಾಗದ ಮುಖ್ಯಸ್ಥರು ಪಟ್ಟು ಬಿಡಲಿಲ್ಲ. "ನಿಯಮ ಅಂದ್ರೆ ನಿಯಮ. ಹನ್ನೊಂದು ಜನಕ್ಕೆ ಬಿಟ್ರೆ ನಾಳೆ ಎಲ್ಲರೂ ಓಡೋಕೆ ಶುರು ಮಾಡ್ತಾರೆ." ನಿಯಮ ಮುರಿಯುವುದು ಬೇಡ, ತಪ್ಪಿದ ಪಾಠಗಳನ್ನು ನಾನೇ ಮತ್ತೆ ಮಾಡುತ್ತೇನೆ, ಬಂದವರಿಗೆ ಹಾಜರಾತಿ ಕೊಡೋಣ ಎಂದೆ. ನಿಯಮಗಳ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಬೇಡ ಎನ್ನುವ ಸಾಲು ಎಲ್ಲಿಯೂ ಸಿಗಲಿಲ್ಲ.

ಹೀಗೆ ಇಪ್ಪತ್ತೆರಡು ದಿನ, ಬೆಳಿಗ್ಗೆ ಆರಕ್ಕೆ ಗಣಿತ, ಏಳಕ್ಕೆ ಅಭ್ಯಾಸ. ನಮ್ಮ ವಿಭಾಗದ ಅಟೆಂಡರ್ ಹಳೆಯ ಕರಿಹಲಗೆಯೊಂದನ್ನು ಗ್ಯಾಲರಿಯ ಕಂಬಿಗೆ ಹಗ್ಗದಿಂದ ಬಿಗಿದುಕೊಟ್ಟ. ಸಿಮೆಂಟಿನ ಮೆಟ್ಟಿಲ ಮೇಲೆ ಹನ್ನೊಂದು ಜನ. ಗುಂಡು ಎಸೆಯುವ ಹುಡುಗ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ನಿದ್ದೆ ಹೋದನೆಂದು ಹೆಸರು ಹಿಡಿದು ಕರೆದರೆ ಕಣ್ಣು ಮುಚ್ಚಿಕೊಂಡೇ ಸರಿಯುತ್ತರ ಹೇಳುತ್ತಿದ್ದ. ಒಬ್ಬರೂ ಒಂದು ದಿನವೂ ತಡವಾಗಿ ಬರಲಿಲ್ಲ. ತಡವಾದವನು ನಾನೊಬ್ಬನೇ, ಎರಡು ಸಲ. ಎರಡು ಸಲವೂ ಕಡ್ಡಿ ಕರಿಹಲಗೆಯ ಮುಂದೆ ನಿಂತು ಪಾಠ ಶುರು ಮಾಡಿದ್ದಳು.

ಪರೀಕ್ಷೆಗೆ ಎರಡು ದಿನ ಮೊದಲು, ಶನಿವಾರ, ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ ನಮ್ಮಲ್ಲೇ ನಡೆಯಿತು. ನಾನೂ ನಿನ್ನ ಅಮ್ಮನೂ ಹೋಗಿದ್ದೆವು. ಕಡ್ಡಿ ಕೊನೆಯ ಸುತ್ತಿನವರೆಗೆ ಮೂರನೆಯವಳಾಗಿದ್ದಳು. ಕೊನೆಯ ಐವತ್ತು ಮೀಟರಿನಲ್ಲಿ ಒಬ್ಬಳು ಅವಳನ್ನು ಹಿಂದೆ ಹಾಕಿದಳು. ಪದಕ ಹೋಯಿತು. ನಾನು ಎಷ್ಟು ಕೂಗಿದೆನೆಂದರೆ ನಾಲ್ಕು ದಿನ ಗಂಟಲೇ ಕೂತುಹೋಯಿತು. "ಇಷ್ಟು ವರ್ಷ ಸಂಸಾರ ಮಾಡಿದ್ರೂ ನಿಮಗೆ ಇಂಥ ಗಂಟಲಿದೆ ಅಂತ ಗೊತ್ತಿರ್ಲಿಲ್ಲ" ಎಂದಳು ನಿನ್ನ ಅಮ್ಮ. ಇಳಿದು ಹೋಗಿ ನೋಡಿದರೆ ಹುಡುಗಿ ನೆಲದ ಮೇಲೆ ಅಂಗಾತ ಬಿದ್ದಿದ್ದಳು. ಸಮಾಧಾನ ಹೇಳೋಣವೆಂದು ಪಕ್ಕದಲ್ಲಿ ಕೂತೆ. ಅವಳೇ ಕೇಳಿದಳು: "ಟೈಮ್ ಎಷ್ಟು ಸರ್?"

"ಒಂಬತ್ತು ನಿಮಿಷ ಐವತ್ತೇಳು ಸೆಕೆಂಡು."

ಹತ್ತು ನಿಮಿಷದೊಳಗೆ ಅವಳು ಓಡಿದ್ದು ಅದೇ ಮೊದಲು. ಮಲಗಿದಲ್ಲೇ ನಕ್ಕಳು. ಸೋತವರು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ.

ಮೊನ್ನೆ ಫಲಿತಾಂಶ ಬಂತು. ಕಡ್ಡಿಗೆ ಎಪ್ಪತ್ತೆಂಟು. ಹತ್ತು ಜನ ಪಾಸು. ಎತ್ತರ ಜಿಗಿತದ ಹುಡುಗನೊಬ್ಬ ಮೂರು ಅಂಕಕ್ಕೆ ಉಳಿದುಕೊಂಡ. ಮುಖ ತಪ್ಪಿಸುತ್ತಾನೆ ಅಂದುಕೊಂಡರೆ, ನೇರ ನನ್ನ ಕೋಣೆಗೆ ಬಂದು, "ಮತ್ತೆ ಆರು ಗಂಟೆ ಕ್ಲಾಸು ಯಾವಾಗಿಂದ ಸರ್?" ಎಂದ. ನಾಳೆಯಿಂದಲೇ ಎಂದಿದ್ದೇನೆ.

ಕೂಸಿಗೆ ಮುತ್ತು. ಅಳಿಯಂದಿರಿಗೆ ನನ್ನ ನೆನಪು ಹೇಳು. ನಿನ್ನ ಮನೆ ನಗುನಗುತ್ತಿರಲಿ, ನೀನು ನೂರು ಕಾಲ ಬಾಳು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಿಜವಾಗಿ ಬರೆಯಬೇಕಾದದ್ದನ್ನು ಬರೆದೇ ಇರಲಿಲ್ಲ.

ನೀನೂ ಇದೇ ಮೈದಾನದಲ್ಲಿ ಓಡಿದವಳು. ನನ್ನ ಕೋಣೆಯಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ಒಂದು ದಿನವೂ ನಾನು ಬರಲಿಲ್ಲ. ಮಂಡಿಗೆ ಪೆಟ್ಟಾಗಿ ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಂದು, "ಹೋಗ್ಲಿ ಬಿಡು, ಒಳ್ಳೇದೇ ಆಯ್ತು. ಇನ್ನಾದ್ರೂ ಓದಿನ ಕಡೆ ಗಮನ ಕೊಡ್ತೀಯ" ಎಂದೆ. ನೀನು ಗೋಡೆಯ ಕಡೆ ತಿರುಗಿಕೊಂಡೆ. ಮರುವರ್ಷ ನಿನಗೆ ರ‍್ಯಾಂಕ್ ಬಂದಾಗ, ಎಲ್ಲ ನನ್ನ ಮಾತಿನ ಫಲವೆಂದು ಕಂಡಕಂಡವರಲ್ಲಿ ಹೇಳಿಕೊಂಡೆ. ಆಮೇಲೆ ನೀನು ಓಟದ ಮಾತನ್ನು ನನ್ನ ಮುಂದೆ ಎತ್ತಲೇ ಇಲ್ಲ. ಎತ್ತುತ್ತಿಲ್ಲವೆಂಬುದೂ ನನಗೆ ಹೊಳೆಯಲಿಲ್ಲ.

ಮೊನ್ನೆ ಕೋಚ್ ಮೇಡಂ ಮೈದಾನದ ಗೇಟಿನ ಪಕ್ಕದ ಫಲಕವನ್ನು ತೋರಿಸಿದರು. ಮಹಿಳೆಯರ ನಾನೂರು ಮೀಟರ್, ೫೬.೮ ಸೆಕೆಂಡು. ಹನ್ನೊಂದು ವರ್ಷದಿಂದ ಯಾರೂ ಮುರಿದಿಲ್ಲ. ನಿನ್ನ ಹೆಸರಿನ ಜೊತೆ ನನ್ನ ಹೆಸರಿನ ಅಕ್ಷರವೂ ಇದೆ. "ನಿಮಗೆ ಗೊತ್ತೇ ಇರುತ್ತಲ್ಲ ಸರ್" ಎಂದರು. ಗೊತ್ತು ಎಂದು ಸುಳ್ಳು ಹೇಳಿದೆ.

ಆ ಓಟ ಹೇಗಿತ್ತು ಎಂದು ನನಗೆ ಬರೆಯುತ್ತೀಯಾ ಮಗಳೇ, ಮೊದಲ ಹೆಜ್ಜೆಯಿಂದ? ಮನಸ್ಸಾದರೆ ಮಾತ್ರ.