ದುಂಡು ತುದಿಯ ಅಕ್ಷರ

ಪ್ರೆಸ್ಸಿನ ಮೇಲಿನ ಕೋಣೆ
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಕಣ್ಣುರಿ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ತಿನ್ನುತ್ತೀಯೋ, ಇಲ್ಲ ಅಕ್ಷರ ತಿದ್ದುತ್ತ ಕೂತು ಊಟವನ್ನೇ ಮರೆಯುತ್ತೀಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ನೀನು ಮಾಡಿದ ಫಾಂಟಿನ ಅಕ್ಷರಗಳಿಗೆ ಈಗ ಭಾರಿ ಗಿರಾಕಿ. ಆಮಂತ್ರಣ ಪತ್ರ, ಮಕ್ಕಳ ಸೋಪಿನ ಡಬ್ಬಿ, ಹಲ್ಲಿನ ಡಾಕ್ಟರ ಚೀಟಿ, ಎಲ್ಲಕ್ಕೂ ಅವೇ ಬೇಕು. ಕೂದಲೆಳೆಯಂಥ ಗೆರೆ, ಚೂಪಿಲ್ಲದ ದುಂಡು ತುದಿ, ಬಲಕ್ಕೆ ತುಸು ವಾಲಿದ ಮೈ. 'ಎಲ್ಲೂ ಚುಚ್ಚಬಾರದು ಕಣೇ, ಕಿವೀಲಿ ಮೆಲ್ಲಗೆ ಹೇಳಿದ ಹಾಗಿರ್ಬೇಕು' ಎನ್ನುತ್ತ ಎರಡು ವರ್ಷ ತಿದ್ದಿದೆಯಲ್ಲ! ನನಗಂತೂ ಹೆಮ್ಮೆಯೋ ಹೆಮ್ಮೆ.

ಸೋಮವಾರ ಚಿಕ್ಕಪ್ಪನ ಅಳಿಯ ಕಟಿಂಗ್ ಮಷೀನಿನಲ್ಲಿ ಬಲಗೈಯ ಮೂರು ಬೆರಳು ಕಳೆದುಕೊಂಡ. ಕೆಲಸಕ್ಕೆ ಸೇರಿ ಎಂಟೇ ದಿನ. ಆ ಹಾಳು ಮಷೀನಿನ ಬುದ್ಧಿ ನಿನಗೆ ಗೊತ್ತಲ್ಲ, ಅದರ ದೀಪ ಆರಿದ ಮೇಲೂ ಬ್ಲೇಡು ಇನ್ನೊಮ್ಮೆ ಇಳಿಯುತ್ತದೆ. ಹಳಬರಿಗೆ ಅದು ರೂಢಿ; ಹೊಸಬರಿಗೆ ಗೋಡೆಯ ಎಚ್ಚರಿಕೆ ಬೋರ್ಡೇ ಗತಿ. ದಪ್ಪ ಕೆಂಪಕ್ಷರದ ಆ ಹಳೇ ಬೋರ್ಡು ಹೋಗಿ, ತಿಳಿನೀಲಿಯಲ್ಲಿ ನಿನ್ನ ಅಕ್ಷರದ ಹೊಸ ಬೋರ್ಡು ಬಂದಿತ್ತು. 'ನೋಡಿದ್ದೆ. ಏನೋ ಸ್ವಾಗತದ ಬೋರ್ಡು ಅನ್ಕೊಂಡೆ' ಎಂದ, ಆಸ್ಪತ್ರೆಯಲ್ಲಿ. ಕಾಗದದ ರಾಶಿಯೆಲ್ಲ ರಕ್ತ. ಬೆರಳುಗಳನ್ನು ಹುಡುಕಿ ಆರಿಸಿದವಳು ನಾನು, ಅಣ್ಣಾ. ಒಂದರಲ್ಲಿ ಉಂಗುರವಿತ್ತು.

ಆಸ್ಪತ್ರೆಯಿಂದ ಬಂದವರೇ ಚಿಕ್ಕಪ್ಪ ಸ್ಪ್ಯಾನರ್ ಹಿಡಿದು ಮೇಲೆ ಹತ್ತಿದರು. ನಿನ್ನ ಮೇಜು, ಕಂಪ್ಯೂಟರು, ಗೋಡೆಗಂಟಿಸಿದ ಕರಡುಗಳು, ಒಂದನ್ನೂ ಉಳಿಸಲಿಲ್ಲ. ಅಡ್ಡ ಬಂದ ಅಪ್ಪನ ಬಾಯಿಗೇ ಬಾರಿಸಿದರು. ಎರಡು ಹಲ್ಲು ಹೋದವು, ದವಡೆ ಮುರಿದಿದೆ. ಬಿದ್ದ ಮೇಲೂ ಒದ್ದರು. ಒಡಹುಟ್ಟಿದವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು! 'ನಿನ್ನ ಮಗ ಶೋಕಿಗೆ ಅಕ್ಷರ ಬರೀತಾನೆ, ನನ್ನ ಮಗಳ ಗಂಡ ಬೆರಳು ಕೊಡ್ಬೇಕಾ? ಬರೋ ವಾರ ಬರ್ತಾನಲ್ಲ, ಅವನ ಕೈನೂ ಅದೇ ಬ್ಲೇಡಿನ ಕೆಳಗೆ ಇಡ್ತೀನಿ' ಎಂದು ಚಿಕ್ಕಪ್ಪ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅದು ಬರೀ ಬಾಯಿಮಾತಲ್ಲ. ಮೂರು ದಿನದಿಂದ ಮಷೀನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಅಪ್ಪನಿಗೆ ಮಾತಾಡಲಾಗುತ್ತಿಲ್ಲ, ನಿನಗೆ ಆಶೀರ್ವಾದ ತಿಳಿಸೆಂದು ಕೈಸನ್ನೆ ಮಾಡಿದರು. ಕಣ್ಣು ಜೋಪಾನ.

ನಿನ್ನ ತಂಗಿ,
ನೀನು ಕರೆಯುವ ಹಾಗೆ, ಬಾಯಿಬಡುಕಿ

ತಾ.ಕ.: ಆ ಬೋರ್ಡು ಹಾಕಿಸಿದ್ದು ನಾನು. 'ಎಲ್ಲಿ ಬೇಕಾದ್ರೂ ಬಳಸು, ಮಷೀನ್ ಹತ್ರ ಮಾತ್ರ ಬೇಡ. ಇದನ್ನ ನೋಡಿ ಯಾರೂ ಹೆದರಲ್ಲ' ಎಂದು ಹೊರಡುವಾಗ ನೀನು ಹೇಳಿದ್ದೆ. ಚೆಂದ ಕಾಣುತ್ತದೆಂದು ಹಾಕಿಸಿಬಿಟ್ಟೆ. ಅಪ್ಪನಿಗೆ ಗೊತ್ತಿತ್ತು. ನನ್ನ ಹೆಸರೆತ್ತದೆ ಒದೆ ತಿಂದರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಇದನ್ನು ಅಂಚೆಗೆ ಹಾಕಿ ಬಂದು, ಚಿಕ್ಕಪ್ಪನ ಎದುರು ನಿಂತು ಎಲ್ಲ ಹೇಳುತ್ತೇನೆ. ಮುಂದಿನ ಪತ್ರ ಬೇರೆಯವರ ಕೈಬರಹದಲ್ಲಿದ್ದರೆ ಗಾಬರಿಯಾಗಬೇಡ.