ಸುತ್ತೋಲೆಯ ಕೆಳಗೆ ಬರೆದದ್ದು

ಬಾದಾಮಿ
ಜೂನ್ ೧೭, ಮಂಗಳವಾರ

ಗುಡೂರು ಹೈಸ್ಕೂಲಿನ ಗಣಿತದ ಮಾಸ್ತರರೂ, ಕಾಗದದ ಮೇಲೆ ಇನ್ನೂ ನನ್ನ ಯಜಮಾನರೂ ಆದ ನಿಮಗೆ, ಚೊಳಚಗುಡ್ಡದ ಕನ್ನಡ ಟೀಚರಳ ಶರಣುಗಳು.

ಫೋನ್ ಇರುವಾಗ ಪತ್ರ ಏಕೆ ಎಂದು ಹುಬ್ಬು ಏರಿಸಬೇಡಿ. ಫೋನಿನಲ್ಲಿ ನೀವು ಹೂಂ ಎನ್ನುತ್ತೀರಿ, ನಾನು ಸಿಟ್ಟಾಗುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ವಾಟ್ಸಾಪಿನ ಮೇಲಂತೂ ನನಗೆ ನಂಬಿಕೆಯೇ ಹೋಗಿದೆ. ಏಕೆಂದು ಮುಂದೆ ಹೇಳುತ್ತೇನೆ. ಇದನ್ನು ಮಾತ್ರ ಕೊನೆಯವರೆಗೂ ಓದಿ. ನಾನು ಮಾಡಿದ ಹಾಗೆ ಮಾಡಬೇಡಿ.

ಮೊದಲು ಕ್ಷೇಮ ಸಮಾಚಾರ. ನಾನು ಚೆನ್ನಾಗಿದ್ದೇನೆ. ಶನಿವಾರ ಮಧ್ಯಾಹ್ನದ ಮೇಲೂ ವಿಶೇಷ ತರಗತಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಎಲ್ಲಿಗೂ ಹೋಗುವುದಿಲ್ಲ, ಯಾರ ನೆನಪೂ ಆಗುವುದಿಲ್ಲ. ನೀವು ಇನ್ನೂ ರಾತ್ರಿ ಊಟಕ್ಕೆ ಚುರುಮುರಿ ಮಿರ್ಚಿಯನ್ನೇ ನಂಬಿದ್ದೀರೋ, ರೊಟ್ಟಿ ಮಾಡಿಕೊಡುವವರು ಯಾರಾದರೂ ಸಿಕ್ಕರೋ ತಿಳಿಯದು. ತರಬೇತಿಯಲ್ಲಿ ಸಿಕ್ಕ ನಿಮ್ಮ ಶಾಲೆಯ ಪಿ.ಟಿ. ಮಾಸ್ತರ ಅಹ್ಮದಸಾಬರು, ನೀವು ಸೊರಗಿದ್ದೀರಿ ಎಂದರು. ಕೇಳಿ ಒಂದು ಗಳಿಗೆ ಖುಷಿಯಾಯಿತು. ಆದರೆ ಆ ರಾತ್ರಿ ನನಗೂ ಊಟ ಸೇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಊರಿನ ರಾಮವ್ವ ಶಾಲೆಗೆ ಬಂದಿದ್ದಳು. ಅವಳ ಮಗಳು ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲೂ ಗಣಿತದಲ್ಲಿ ಫೇಲು, ಎರಡನೆಯದರಲ್ಲೂ ಫೇಲು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, "ಟೀಚರ್, ಮೂರನೇ ಪರೀಕ್ಷಿ ಐತಂತ ಖರೆ ಏನ್ರಿ? ಪಾಸಾಗಿದ್ದು ಹಂಗ ಉಳಿತಾವೋ, ಎಲ್ಲಾ ಹೊಳ್ಳಿ ಬರೀಬೇಕೋ?" ಎಂದು ಕೇಳಿದಳು. ಮುಖ್ಯಗುರು ರಾಚಯ್ಯನವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ನಮ್ಮನ್ನು ತೀರಾ ಬೈಯುವಂತೆಯೂ ಇಲ್ಲ. ಒಂದು ಪರೀಕ್ಷೆ ಹೋಗಿ ಮೂರು ಬಂದವು, ಕೋಣೆಗಳಿಗೆ ಕ್ಯಾಮೆರಾ ಬಂತು, ಫಲಿತಾಂಶ ಕುಸಿಯಿತೆಂದು ಕೃಪಾಂಕ ಬಂತು, ಮರುವರ್ಷ ಕೃಪಾಂಕ ಹೋಯಿತು. ಇಷ್ಟನ್ನೆಲ್ಲ ತಿಳಿಸುವ ಸುತ್ತೋಲೆ ಬಂದಾಗ ನಾವು ಮಾಡುವುದೇನು ಎಂದು ನಿಮಗೇ ಗೊತ್ತು. ರಿಜಿಸ್ಟರು ಕೈಯಿಂದ ಕೈಗೆ ಬರುತ್ತದೆ. ಮೇಲಿನವರ ಸಹಿ ನೋಡಿ ಕೆಳಗಿನವರು ಸಹಿ ಹಾಕುತ್ತಾರೆ. ಓದುವ ಪಾಪವನ್ನು ಯಾರೂ ಕಟ್ಟಿಕೊಳ್ಳುವುದಿಲ್ಲ.

ನನಗಂತೂ ಓದುವ ಅಗತ್ಯವೇ ಇರಲಿಲ್ಲ, ನೀವು ಕಳಿಸುತ್ತಿದ್ದಿರಿ. ಬೇರೆಯವರ ಗಂಡಂದಿರು ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಾರಂತೆ. ನೀವು ಇಡೀ ಸುತ್ತೋಲೆಯನ್ನು ಅಂಟಿಸಿ, ಅದರ ನೆತ್ತಿಯ ಮೇಲೆ "ಗಮನಿಸಿ" ಎಂದು ಹಾಕುತ್ತೀರಿ. ನಾನು "ಗಮನಿಸಿದೆ" ಎನ್ನುತ್ತೇನೆ. ನಾಲ್ಕು ಸಾಲು ದಾಟಿದರೆ "ಇನ್ನಷ್ಟು ಓದಿ" ಎಂದು ಬರುತ್ತದಲ್ಲ, ಅದನ್ನು ಒಮ್ಮೆಯೂ ಒತ್ತಿದವಳಲ್ಲ ನಾನು. ನೀವು ಓದಿರುತ್ತೀರಿ, ಮನೆಗೆ ಒಬ್ಬರು ಓದಿದರೆ ಸಾಕು ಎಂಬ ಧೈರ್ಯ.

ನಿನ್ನೆ ರಾಮವ್ವನಿಗಾಗಿ ಫೋನು ತೆಗೆದು ಹುಡುಕಿದೆ. ಹೋದ ವರ್ಷ ನೀವು ಕಳಿಸಿದ್ದ ಮೂರು ಪರೀಕ್ಷೆಯ ಸುತ್ತೋಲೆ ಸಿಕ್ಕಿತು. ಒತ್ತಿದೆ. ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದಿದೆ. ಪಾಸಾದ ವಿಷಯ ಹಾಗೇ ಉಳಿಯುತ್ತದೆ, ಬಿದ್ದದ್ದನ್ನು ಮಾತ್ರ ಬರೆದರೆ ಸಾಕು ಎಂದಿತ್ತು. ರಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಓದುವ ಭರದಲ್ಲಿ ಸಾಹೇಬರ ಸಹಿಯನ್ನೂ ದಾಟಿಬಿಟ್ಟೆ. ಅಲ್ಲಿ ಇಲಾಖೆಯ ಕನ್ನಡ ಮುಗಿದು ನಿಮ್ಮ ಕನ್ನಡ ಶುರುವಾಗಿತ್ತು.

"ಮಹೇಶ್ವರಿ, ಸೋಮವಾರ ಬಾಗಲಕೋಟ್ಯಾಗ ನಂದು ವರ್ಗಾವಣಿ ಕೌನ್ಸೆಲಿಂಗ್ ಐತಿ. ನಿಮ್ಮ ತಾಲೂಕಿನಾಗ ಗಣಿತದ್ದೊಂದು ಜಾಗಾ ಖಾಲಿ ಐತಿ. ನಾ ಬರ್ಲೇನು? ನೀ ಹೂಂ ಅಂದ್ರ ತೊಗೊಂತೇನಿ. ಒಬ್ಬಾಂವಗ ಇರಾಕ ಆಗವಲ್ದು."

ಇದನ್ನೂ ಗಟ್ಟಿಯಾಗಿಯೇ ಓದಿದೆ. ರಾಚಯ್ಯನವರು ಕನ್ನಡಕ ತೆಗೆದು, "ಟೀಚರ್, ಇದರ ಆದೇಶ ಸಂಖ್ಯೆ ಎಷ್ಟ್ರಿ?" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅದರ ಕೆಳಗೇ ನನ್ನ ಉತ್ತರವಿತ್ತು. "ಗಮನಿಸಿದೆ."

ಆ ವಾರ ನಾವು ಮುನಿಸಿಕೊಂಡಿದ್ದೆವು, ನೆನಪಿದೆಯೇ? ಯಾರು ಯಾರ ಊರಿಗೆ ಬರಬೇಕೆಂಬ ಅದೇ ಹಳೆಯ ಜಗಳ. "ನೀವ ಬರ್ರಿ, ನಾ ಯಾಕ ಬರ್ಲಿ" ಎಂದು ನಾನೇ ಅಂದಿದ್ದೆ. ಸೋಮವಾರ ಸಂಜೆ ಅಹ್ಮದಸಾಬರು ಫೋನ್ ಮಾಡಿ, "ಬಾದಾಮಿ ತಾಲೂಕಿನ ಜಾಗಾ ಬಂದಿತ್ರಿ ಟೀಚರ್, ಶ್ರೀಶೈಲ ಸರ್ ಬ್ಯಾಡ ಅಂದ್ರು" ಎಂದರು. ನನ್ನ ಹತ್ತಿರ ಬರುವ ದಾರಿ ತೆರೆದಾಗಲೂ ಬೇಡ ಅಂದ ಗಂಡ ಎಂದುಕೊಂಡೆ. ಅಂದಿನಿಂದ ನಿಮ್ಮ ಫೋನ್ ಎತ್ತಲಿಲ್ಲ. ನೀವೂ ಈ ಕಡೆ ತಲೆ ಹಾಕಲಿಲ್ಲ. ನಾನು ಬೇಡ ಅಂದೆನೆಂದು ನೀವು, ನೀವು ಬೇಡ ಅಂದಿರೆಂದು ನಾನು, ಹೀಗೆ ಒಂದು ವರ್ಷ ಕಳೆದೆವು.

ಆದರೂ ನೀವು ಒಂದು ಸುತ್ತೋಲೆಯನ್ನೂ ತಪ್ಪಿಸಲಿಲ್ಲ. ನಿನ್ನೆ ಮನೆಗೆ ಬಂದು ಎಲ್ಲವನ್ನೂ ಕೊನೆಯವರೆಗೆ ಓದಿದೆ. ಸಹಿಯ ಕೆಳಗೆ ಮತ್ತೆ ಎಲ್ಲೂ ಏನೂ ಬರೆದಿರಲಿಲ್ಲ. ಅದಕ್ಕೇ ಹೆಚ್ಚು ಅತ್ತೆ.

ಓದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಮಾಸ್ತರರೇ, ಹೆಂಡತಿಯನ್ನು ಕೇಳುವ ಮಾತನ್ನು ಸಾಹೇಬರ ಸಹಿಯ ಕೆಳಗೆ ಬರೆಯುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದಾನೆಯೇ? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಿಮಗೆ ಎರಡೂ ಬಾರದು. ಮಕ್ಕಳಿಗೆ ಮೂರು ಪರೀಕ್ಷೆ ಇದೆ. ನನಗೆ ಒಂದೇ ಪರೀಕ್ಷೆ ಇಟ್ಟು, ಒಂದು ಪದದ ಉತ್ತರ ನೋಡಿ ಫೇಲು ಮಾಡಿಬಿಟ್ಟಿರಿ.

ಇರಲಿ. ಈ ವರ್ಷದ ವರ್ಗಾವಣೆಗೆ ಅರ್ಜಿ ಕರೆದಿದ್ದಾರೆ, ಮುಂದಿನ ಸೋಮವಾರ ಕೊನೆಯ ದಿನ. ಈ ಸಲದ ಸುತ್ತೋಲೆಯನ್ನು ಸಹಿಯವರೆಗೂ ಓದಿದ್ದೇನೆ. ಗಂಡ ಹೆಂಡತಿ ಇಬ್ಬರೂ ನೌಕರರಿದ್ದರೆ ಒಬ್ಬರಿಗೆ ಆದ್ಯತೆ ಇದೆ. ಯಾರು ಹಾಕಬೇಕೆಂದು ಫೋನಿನಲ್ಲಿ ಮಾತಿಗಿಳಿದರೆ ಸೋಮವಾರ ಕಳೆದೇ ಹೋಗುತ್ತದೆ. ಈ ಸಲವೂ ತಪ್ಪಿದರೆ ನಮ್ಮಿಬ್ಬರ ನಡುವೆ ಸುತ್ತೋಲೆ ಬಿಟ್ಟು ಬೇರೇನೂ ಉಳಿಯಲಿಕ್ಕಿಲ್ಲ ಎಂದು ನನಗೆ ಖರೇನೇ ಭಯವಾಗಿದೆ.

ಅದಕ್ಕೆ ಒಂದು ಉಪಾಯ. ಮದುವೆಯಾದಾಗಿನಿಂದ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಈ ಕಡೆಯಿಂದ, ನೀವು ಆ ಕಡೆಯಿಂದ ಅಮೀನಗಡಕ್ಕೆ ಬಂದು ಕರದಂಟಿನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂಡುತ್ತಿದ್ದೆವು. ಗುಡೂರಿನ ಬಸ್ಸು ಮೊದಲು ಬಂದರೆ ನಿಮ್ಮ ಮನೆ, ಬಾದಾಮಿಯದು ಮೊದಲು ಬಂದರೆ ನನ್ನ ಮನೆ. ಜಗಳಕ್ಕೆ ಜಾಗವೇ ಇರಲಿಲ್ಲ. ಈ ಶನಿವಾರ ಮೂರು ಗಂಟೆಗೆ ಅಲ್ಲಿಗೆ ಬನ್ನಿ. ಬಾದಾಮಿಯ ಬಸ್ಸು ಮೊದಲು ಬಂದರೆ ನೀವು ಅರ್ಜಿ ಹಾಕಿ ಇಲ್ಲಿಗೆ ಬರಬೇಕು. ಗುಡೂರಿನದು ಬಂದರೆ ನಾನು ಹಾಕಿ ಅಲ್ಲಿಗೆ ಬರುತ್ತೇನೆ. ಬಸ್ಸು ಹೇಳಿದ್ದಕ್ಕೆ ಇಬ್ಬರೂ ಎದುರಾಡಬಾರದು.

ಉತ್ತರ ಬರೆಯುವುದಿದ್ದರೆ ದಯವಿಟ್ಟು "ಗಮನಿಸಿದೆ" ಎಂದು ಮಾತ್ರ ಬರೆಯಬೇಡಿ.

ಈಗಲೂ ನಿಮ್ಮವಳೇ ಆದ,
ಮಹೇಶ್ವರಿ

ತಾ.ಕ.: ಶನಿವಾರ ವಿಶೇಷ ತರಗತಿ ಎಂದು ಮೇಲೆ ಬರೆದದ್ದು ಸುಳ್ಳು. ಈ ಒಂದು ವರ್ಷವೂ ಶನಿವಾರ ಅಮೀನಗಡಕ್ಕೆ ಹೋಗಿ ಅದೇ ಬೆಂಚಿನ ಮೇಲೆ ಕೂತು ಬರುತ್ತಿದ್ದೇನೆ. "ಸರ್ ಇವತ್ತೂ ಬರ್ಲಿಲ್ಲೇನ್ರಿ?" ಎಂದು ಕೇಳುವುದನ್ನು ಅಂಗಡಿಯವನು ಈಗ ಬಿಟ್ಟಿದ್ದಾನೆ. ನೀವು ಬರುವುದನ್ನು ನಿಲ್ಲಿಸಿದ ಮೇಲೆ ಅಲ್ಲಿ ಬಸ್ಸುಗಳ ವೇಳೆ ಬದಲಾಗಿದೆ. ಮೂರರ ನಂತರ ಮೊದಲು ಬರುವುದು ಗುಡೂರಿನ ಬಸ್ಸು. ಬಾದಾಮಿಯದು ಅದಕ್ಕಿಂತ ಮುಂಚೆ ಬಂದದ್ದನ್ನು ನಾನು ಒಂದು ಸಲವೂ ನೋಡಿಲ್ಲ.