ಗೈರುಹಾಜರಾದ ಕುಯಿಸೆಬ್ ನದಿಯ ಕುರಿತು

ಮಾನ್ಯ ನದೀತೀರ ರಕ್ಷಣಾಧಿಕಾರಿಗಳೇ,

ನದಿ ಬಂದಿಲ್ಲವೆಂಬ ಕಾರಣಕ್ಕೆ ನೀವು ಅದರ ದಡವನ್ನೇ ರಕ್ಷಿತ ಪಟ್ಟಿಯಿಂದ ಕಿತ್ತು ಮರಳು ಲಾರಿಗಳಿಗೆ ಬಿಟ್ಟುಕೊಟ್ಟಿದ್ದೀರಿ. ತಪ್ಪಿನ ಮೂಲ ನಾನೇ, ಒಪ್ಪುತ್ತೇನೆ. "ಎರಡು ವರ್ಷವಾಯಿತು, ನದಿ ಬಂದಿಲ್ಲ, ದಡದ ಆನಾ ಮರಗಳು ಬಾಡುತ್ತಿವೆ, ಕಾಪಾಡಿ" ಎಂದು ಬರೆದವಳು ನಾನು. ಈ ನಮೀಬ್ ಮರಳುಗಾಡಿನಲ್ಲಿ ನದಿ ಬಂತು ಎಂದರೆ ಪ್ರವಾಹ ಬಂತು ಎಂದರ್ಥ. ಬಾರದ ವರ್ಷಗಳಲ್ಲಿ ಅದು ಮರಳಿನಡಿ ಮಲಗಿರುತ್ತದೆ. ಹೊದ್ದು ಮಲಗಿದವರನ್ನು ಮನೆಯಲ್ಲೇ ಇಲ್ಲ ಎನ್ನುತ್ತಾರೆಯೇ? ನೀವು ಅಂದಿರಿ: "ಸದರಿ ನದಿಯು ಗೈರುಹಾಜರಾಗಿರುವುದು ಅರ್ಜಿದಾರರ ಹೇಳಿಕೆಯಿಂದಲೇ ದೃಢಪಟ್ಟಿದೆ. ಮರಳಿ ಬಂದಲ್ಲಿ ಮೂರು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು." ಯಾರು ತಿಳಿಸಬೇಕು ಸ್ವಾಮಿ, ನದಿಯೋ ನಾನೋ?

ನಿಮ್ಮ ಉತ್ತರ ಓದಿ ಹೇಳಿದಾಗ ನನ್ನ ನಾದಿನಿ ಮಗ್ದಲೀನಾ ಮೇಕೆಯ ಹಾಲು ಕರೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಅತ್ತಿಗೆ, ನಿನ್ನ ಕಾಗದದ ಹುಚ್ಚು ನದೀನೇ ನುಂಗ್ತಲ್ಲೇ! ನನ್ನ ಮಂಡಿನೋವಿನ ವಿಷ್ಯ ಮಾತ್ರ ಬರೀಬೇಡಮ್ಮ, ಕಾಲೇ ಇಲ್ಲ ಅಂತ ಆರ್ಡರ್ ಮಾಡ್ತಾರೆ!"

ನಕ್ಕೆವು. ಮರುದಿನ ಲಾರಿ ಬಂದಾಗ ನಗು ನಿಂತಿತು. ನಮ್ಮ ಬದಿಯ ಹತ್ತೊಂಬತ್ತು ಆನಾ ಮರಗಳಲ್ಲಿ ಐದು ಬುಡದ ಮರಳು ತೋಡಿದ್ದಕ್ಕೆ ಒಂದೇ ವಾರದಲ್ಲಿ ಬೇರು ಕಳಚಿ ಮಲಗಿದವು. ಅವು ಉದುರಿಸುವ ಕಾಯಿಯೇ ನಮ್ಮ ಮೇಕೆಗಳಿಗೂ ಈಟಿಯಂಥ ಕೊಂಬಿನ ಜಿಂಕೆಗಳಾದ ಓರಿಕ್ಸ್‌ಗಳಿಗೂ ಬೇಸಿಗೆಯ ಊಟ. ಓರಿಕ್ಸ್ ಗೊರಸಿನಲ್ಲಿ ಕೆದಕಿದರೂ ಸಿಗುವ ನದಿ ನಿಮ್ಮ ಇಡೀ ಕಚೇರಿಗೆ ಸಿಗುವುದಿಲ್ಲವೆಂದರೆ, ಆ ಕುರ್ಚಿಯಲ್ಲಿ ಒಂದು ಓರಿಕ್ಸನ್ನೇ ಕೂರಿಸಬಾರದೇಕೆ?

ಮೊನ್ನೆ ಮಂಗಳವಾರ ಮರಳು ತೋಡಿದ ಎರಡಾಳುದ್ದದ ಗುಂಡಿಗಿಳಿದ ಲಾರಿಯ ಹಿಂಚಕ್ರ ಗುಳಕ್ಕನೆ ಹೂತುಹೋಯಿತು. ಚಾಲಕ ಏದುಸಿರಿನಲ್ಲಿ ನಮ್ಮ ಬಾಗಿಲಿಗೆ ಓಡಿಬಂದ.

"ಅಜ್ಜೀ, ಕೆಳಗೆ ನೀರು! ಬೂಟೆಲ್ಲ ತೊಪ್ಪೆ ಆಗೋಯ್ತು!"

"ಹೆದರ್ಬೇಡ ಮಗಾ, ಅದು ನೀರಲ್ಲ. ಇಲ್ಲಿ ನದಿ ಇಲ್ಲ ಅಂತ ಸಾಹೇಬ್ರ ಸಹಿ ಇದೆ."

"ಸಹಿ ತೋರಿಸಿದ್ರೆ ಲಾರಿ ಮೇಲೆ ಬರುತ್ತಾ?"

ಬರಲಿಲ್ಲ. ಅವನ ಗುತ್ತಿಗೆದಾರರು "ನದಿಯ ನೀರು ಕೆಲಸಕ್ಕೆ ಅಡ್ಡಿಪಡಿಸುತ್ತಿದೆ" ಎಂದು ನಿಮಗೇ ದೂರು ಬರೆದಿದ್ದಾರಂತೆ. ಇಲ್ಲದ ನದಿಯ ಮೇಲೆ ಯಾವ ಕ್ರಮ ಕೈಗೊಳ್ಳುತ್ತೀರಿ? ನನ್ನ ಒಂದು ಸಾಲನ್ನು ಅಷ್ಟು ನಂಬಿದವರು ಅವರದನ್ನೂ ನಂಬಿ.

ಬಯಲಾದ ಆ ನೀರು ಬಿಸಿಲಿಗೆ ದಿನವೂ ಗೇಣುಗೇಣು ಇಳಿಯುತ್ತಿದೆ. ಉಳಿದ ಹದಿನಾಲ್ಕು ಮರಗಳಿಗೆ ಇರುವುದು ಅದೊಂದೇ. ಆದ್ದರಿಂದ ಆದೇಶ ರದ್ದುಮಾಡಿ, ಲಾರಿ ಎತ್ತಿಸಿ, ಈ ವಾರವೇ ಗುಂಡಿ ಮುಚ್ಚಿಸಿ. ಬರುವಾಗ ಬೂಟು ಕಳಚಿ ಬನ್ನಿ. ಮುಚ್ಚುವ ಮೊದಲು ಒಂದು ಗಳಿಗೆ ಅದರಲ್ಲಿ ನಿಂತು ನೋಡಿ. ಆಮೇಲೆ ಊಟ ನಮ್ಮಲ್ಲೇ.

ಇಂತಿ,
ಅಪೊಲೊನಿಯಾ ದೌಸಬ್
ಕುಯಿಸೆಬ್ ನದಿಯ ಎಡದಂಡೆ
(ಈಗ ಯಾವುದರ ಎಡ ಎಂದು ತಾವು ತಿಳಿಸಿದರೆ ವಿಳಾಸ ತಿದ್ದಿಕೊಳ್ಳುತ್ತೇನೆ)